ಮಾಲ್‌ನ ಕಟ್ಟೆ: ಅಮ್ಮ ಮತ್ತು ಮಗಳ ಜೊತೆ ಹನ್ನೊಂದು ತಿಂಗಳು

ಕಳೆದ ವರ್ಷ ಅಮ್ಮನಿಗೆ ಬಲ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ದಿನಕ್ಕೆ ಅರ್ಧ ಗಂಟೆಯಾದರೂ ಸಮತಟ್ಟಾದ ನೆಲದ ಮೇಲೆ ನಡೆಯಬೇಕೆಂದು ವೈದ್ಯರು ಹೇಳಿದರು. ಬೆಂಗಳೂರಿನಲ್ಲಿ ಸಮತಟ್ಟಾದ ನೆಲ ಹುಡುಕುವುದು ಎಷ್ಟು ಕಷ್ಟವೆಂಬುದು ನಮಗೆ ಆಗಲೇ ಗೊತ್ತಾದದ್ದು. ನಮ್ಮ ಬೀದಿಯ ಫುಟ್‌ಪಾತ್‌ನಲ್ಲಿ ಮನೆಮನೆಯ ಗೇಟಿಗೂ ಒಂದು ಇಳಿಜಾರು, ಅದರ ಪಕ್ಕದಲ್ಲೇ ಕಿತ್ತುಹೋದ ಚಪ್ಪಡಿ; ಪಾರ್ಕಿನ ಹಾದಿ ಚೆನ್ನಾಗಿದೆಯಾದರೂ ಎರಡು ದಿನ ಮಳೆ ಹಿಡಿದರೆ ಪಾಚಿ ಕಟ್ಟಿ ಜಾರುತ್ತದೆ. ಕೊನೆಗೆ ಬಸ್ಸಿನಲ್ಲಿ ಮೂರು ಸ್ಟಾಪ್ ದೂರವಿರುವ ಮಾಲ್‌ಗೆ ಅಮ್ಮನನ್ನು ಕರೆದುಕೊಂಡು ಹೋದೆ. ನನಗೆ ಮಧ್ಯಾಹ್ನದ ಪಾಳಿಯ ಕೆಲಸವಾದ್ದರಿಂದ ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಅಮ್ಮನ ಜೊತೆ, ಶನಿವಾರ ಮಧ್ಯಾಹ್ನ ಪ್ರಥಮ ಪಿಯುಸಿ ಓದುತ್ತಿರುವ ಮಗಳ ಜೊತೆ, ಹೀಗೆ ಹನ್ನೊಂದು ತಿಂಗಳಿಂದ ಆ ಕಟ್ಟಡಕ್ಕೆ ಹೋಗಿ ಬರುತ್ತಿದ್ದೇನೆ.

ಮಾಲ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಮೆಚ್ಚಿಕೊಂಡದ್ದಾಗಲಿ ದೂರುತ್ತಿರುವುದಾಗಲಿ ಆ ಒಂದೇ ಕಟ್ಟಡಕ್ಕೆ ಸೇರಿದ್ದಲ್ಲ. ಊರಿನ ಬೇರೆ ಮಾಲ್‌ಗಳಿಗೆ ಹೋಗುವವರೂ ತಮ್ಮಲ್ಲಿ ಇದನ್ನೇ ಕಾಣಬಹುದು. ಅಲ್ಲಿನ ಅಂಗಡಿಗಳ ಬಗ್ಗೆ, ರಿಯಾಯಿತಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಯಾರೋ ನಾಲ್ಕು ಜನ ಬಂದು ಕೂತು ಮಾತಾಡಿ ಎದ್ದು ಹೋಗುವ ಜಾಗವಾಗಿ ಅದು ಹೇಗಿದೆ, ಯಾವ ವಯಸ್ಸಿನವರಿಗೆ ಎಷ್ಟು ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಹೆಚ್ಚಿನ ಅಂಗಡಿಗಳ ಶಟರ್ ಮೇಲೇಳುವುದು ಹನ್ನೊಂದರ ಹೊತ್ತಿಗೆ. ನಡುವಿನ ಆ ಒಂದು ಗಂಟೆ ಪೂರ್ತಿಯಾಗಿ ಹಿರಿಯರದ್ದು. ಆಗ ಹಾಡು ಹಾಕಿರುವುದಿಲ್ಲ, ನೆಲ ಆಗ ತಾನೇ ಒರೆಸಿ ಒಣಗಿರುತ್ತದೆ, ನೆಲಮಹಡಿಯನ್ನು ಒಂದು ಸುತ್ತು ಬಂದರೆ ಅಮ್ಮನ ಲೆಕ್ಕದಲ್ಲಿ 420 ಹೆಜ್ಜೆ. ಮೊದಲ ವಾರ ನಾವಿಬ್ಬರೇ ಹೀಗೆ ನಡೆಯಲು ಬಂದವರು ಎಂದುಕೊಂಡಿದ್ದೆ. ಎರಡನೇ ವಾರಕ್ಕೆ ಹದಿನೈದಿಪ್ಪತ್ತು ಮುಖಗಳ ಪರಿಚಯವಾಗಿತ್ತು: ವಾಕರ್ ಹಿಡಿದು ಬರುವ ಒಬ್ಬ ಅಜ್ಜಿ, ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಾವೂ ನಡೆಯುವ ದಂಪತಿ, ಮಗನ ಮನೆಗೆಂದು ವಿಜಯವಾಡದಿಂದ ಬಂದು ಭಾಷೆ ಬಾರದೆ ನಗುವಿನಲ್ಲೇ ಎಲ್ಲ ಮುಗಿಸುವ ಒಬ್ಬ ಹಿರಿಯರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಂತೂ ಈ ಸಂಖ್ಯೆ ಇನ್ನೂ ಹೆಚ್ಚಾಯಿತು.

ನಡೆದು ದಣಿದವರೆಲ್ಲ ಬಂದು ಸೇರುತ್ತಿದ್ದದ್ದು ಒಂದೇ ಕಡೆ. ಗಾಜಿನ ಸೂರಿನ ಕೆಳಗೆ, ಕಟ್ಟಡದ ನಡುವಿನ ಅಂಗಳದಲ್ಲಿ, ಎರಡು ದೊಡ್ಡ ತಾಳೆಗಿಡಗಳ ಸುತ್ತ ಕಪ್ಪು ಗ್ರಾನೈಟಿನ ದುಂಡನೆಯ ಕಟ್ಟೆ ಇತ್ತು. ಅದನ್ನು ಕಟ್ಟಿದವರು ಗಿಡಕ್ಕೆ ಅಂಚಾಗಲಿ ಎಂದು ಕಟ್ಟಿದ್ದಿರಬೇಕು. ಎತ್ತರ ಮಾತ್ರ ಮಂಡಿ ನೋವಿನವರು ಕೈಯೂರಿ ಕೂತು ಕೈಯೂರಿ ಏಳುವುದಕ್ಕೆ ಅಳತೆ ಮಾಡಿದಂತಿತ್ತು. ಅಮ್ಮ ಮೊದಲ ದಿನವೇ ಅದಕ್ಕೆ ‘ಅರಳಿಕಟ್ಟೆ’ ಎಂದು ಹೆಸರಿಟ್ಟಳು. ದುಂಡಗಿದ್ದುದರಿಂದ ಒಬ್ಬರ ಪಕ್ಕ ಒಬ್ಬರು ಕೂತರೂ ಎದುರು ಕಟ್ಟೆಯವರ ಮುಖ ಕಾಣುತ್ತಿತ್ತು, ಮಾತು ಅಲ್ಲಿಂದಿಲ್ಲಿಗೆ ದಾಟುತ್ತಿತ್ತು.

ಅಲ್ಲಿ ದಿನವೂ ಸೇರುತ್ತಿದ್ದ ನಾಲ್ವರು ನಿವೃತ್ತರನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಮಾತಿನ ನಡುವೆ ತಿಳಿದ ಪ್ರಕಾರ ಇಬ್ಬರು ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯವರು, ಒಬ್ಬರು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಾದ ಬಿಇಎಲ್‌ನವರು, ಇನ್ನೊಬ್ಬರು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆಯ ಬಸ್ಸಿಗೆ ಕಾದು ಅಭ್ಯಾಸವಾದ ಜನ. ಹತ್ತೂಕಾಲು ಎಂದರೆ ಹತ್ತೂಕಾಲಿಗೆ ನಾಲ್ವರೂ ಕಟ್ಟೆಯ ಮೇಲಿರುತ್ತಿದ್ದರು. ಎಚ್‌ಎಂಟಿಯವರು ಬಂದು ಕೂತ ಕೂಡಲೇ ಎಡಗೈಯ ಜನತಾ ವಾಚನ್ನು ಬಿಚ್ಚಿ, ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಕೀಲಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಅದು ಬಿಗಿಯಾಗುವವರೆಗೆ ಉಳಿದ ಮೂವರೂ ಮಾತು ಶುರು ಮಾಡುತ್ತಿರಲಿಲ್ಲ. ಆಮೇಲೆ ಪೇಪರಿನ ಸುದ್ದಿ, ಪಿಂಚಣಿ, ಮೊಮ್ಮಕ್ಕಳ ಫೀಸು, ಯಾರೋ ಸಹೋದ್ಯೋಗಿ ತೀರಿಕೊಂಡದ್ದು. ಅವರಲ್ಲಿ ಯಾರೂ ಇನ್ನೊಬ್ಬರಿಗೆ ಫೋನ್ ಮಾಡಿದ್ದನ್ನು ನಾನು ಕಂಡಿಲ್ಲ. ಬಾರದೆ ಹೋದವರ ಬಗ್ಗೆ ‘ನಾಳೆ ಬರ್ತಾರೆ ಬಿಡಿ ಸಾರ್’ ಎಂದು ಸುಮ್ಮನಾಗುತ್ತಿದ್ದರು.

ಹೆಂಗಸರ ಪರಿಚಯ ಬೇರೆ ಹಾದಿಯಲ್ಲಿ ಸಾಗುತ್ತದೆ. ಪಕ್ಕದಲ್ಲಿ ಕೂತು ಮೊಮ್ಮಗನಿಗೆ ಬಿಸ್ಕತ್ತು ಕೊಡುತ್ತಿದ್ದವರನ್ನು ಅಮ್ಮ ಕೇಳಿದ ಮೊದಲ ಮಾತು, ‘ಯಾವ ಕಡೆಯವರು ನೀವು?’ ಎಂದು. ಅವರು ತಿಪಟೂರು ಎಂದರು. ‘ಅಯ್ಯೋ, ನಮ್ಮತ್ತೆ ತವರು ಅಲ್ಲೇ ಕಣ್ರೀ, ನೊಣವಿನಕೆರೆ’ ಎಂದಳು ಅಮ್ಮ. ಅಲ್ಲಿಂದ ಹತ್ತು ನಿಮಿಷದೊಳಗೆ ಎರಡು ಮದುವೆ, ಒಂದು ತೆಂಗಿನ ತೋಟದ ವ್ಯಾಜ್ಯ, ಒಬ್ಬ ಮೇಷ್ಟರ ಹೆಸರು ಇವರಿಬ್ಬರಿಗೂ ಗೊತ್ತಿರುವುದು ಪತ್ತೆಯಾಯಿತು. ಮುಂದಿನ ವಾರದಿಂದ ಅವರು ಅಮ್ಮನಿಗೆ ‘ತಿಪಟೂರಿನ ಅಕ್ಕ’. ಹೆಸರು ಕೇಳಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಈ ಸಂಗತಿ ಮುಂದೆ ಬರಲಿದೆ.

ಕಾಫಿಯ ವಿಷಯದಲ್ಲಿ ಈ ಮಾಲ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನೆಲಮಹಡಿಯ ದೊಡ್ಡ ಕೆಫೆಯಲ್ಲಿ ಒಂದು ಕಪ್ಪಿಗೆ ಇನ್ನೂರರ ಆಸುಪಾಸು ಬೆಲೆ. ಅಲ್ಲಿ ಹಿರಿಯರು ಕೂತದ್ದನ್ನು ನೋಡಿದ ನೆನಪಿಲ್ಲ. ಆದರೆ ಎರಡನೇ ಮಹಡಿಯ ಫುಡ್ ಕೋರ್ಟಿನ ದಕ್ಷಿಣ ಭಾರತದ ತಿಂಡಿಯ ಕೌಂಟರಿನಲ್ಲಿ ಸ್ಟೀಲ್ ಲೋಟದ ಫಿಲ್ಟರ್ ಕಾಫಿ ನಲವತ್ತು ರೂಪಾಯಿಗೆ ಸಿಗುತ್ತದೆ, ಮತ್ತು ಕೇಳಿದರೆ ಬೈಟು ಮಾಡಿಕೊಡುತ್ತಾರೆ. ಊರಿನ ದರ್ಶಿನಿಗಳಲ್ಲಿ ಇದೇನೂ ವಿಶೇಷವಲ್ಲ, ಮಾಲ್‌ನಲ್ಲಿ ವಿಶೇಷ. ಬೈಟು ಕಾಫಿಯೆಂದರೆ ಅರ್ಧ ಲೋಟದ ಖರ್ಚಿನಲ್ಲಿ ಅರ್ಧ ಗಂಟೆ ಜೊತೆಗೆ ಕೂರುವ ಏರ್ಪಾಡು ಎಂಬುದು ಬೆಂಗಳೂರಿನವರಿಗೆಲ್ಲ ಗೊತ್ತು. ಆ ಕೌಂಟರಿನ ಹುಡುಗ ನಾಲ್ವರು ನಿವೃತ್ತರು ದೂರದಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಎರಡು ಕಾಫಿಗೆ ನಾಲ್ಕು ಲೋಟ ಜೋಡಿಸಿ ಇಡುತ್ತಿದ್ದ.

ಹನ್ನೊಂದೂವರೆಯ ಮೇಲೆ ಇನ್ನೊಂದು ಬಗೆಯ ಗುಂಪು ಬರುತ್ತದೆ: ಐವತ್ತು ಅರವತ್ತರ ನಡುವಿನ ಹೆಂಗಸರು, ಐದಾರು ಜನ ಒಟ್ಟಾಗಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಹೀಗೆ ಹೊರಡುವ ಅಭ್ಯಾಸ ಶುರುವಾಯಿತೆಂದು ಅಂಥ ಒಂದು ಗುಂಪಿನವರೇ ನನಗೆ ಹೇಳಿದರು. ಮನೆಯಲ್ಲಿ ಯಾರನ್ನೂ ದುಡ್ಡು ಕೇಳದೆ ಹೊರಟು, ಸೀರೆ ಅಂಗಡಿಗಳನ್ನು ನೋಡಿ, ಒಂದು ತಟ್ಟೆ ಮಸಾಲೆ ದೋಸೆ ಹಂಚಿಕೊಂಡು, ಶಾಲೆ ಬಿಡುವ ಹೊತ್ತಿಗೆ ಮನೆ ಸೇರುತ್ತಾರೆ. ಈ ಕಟ್ಟಡದಲ್ಲಿ ನಾನು ಕಂಡ ಎಲ್ಲ ಗುಂಪುಗಳಲ್ಲಿ ಅತಿ ಹೆಚ್ಚು ನಗುವುದು ಇವರೇ.

ಮಧ್ಯಾಹ್ನ ಮೂರರಿಂದ ಕಾಲೇಜಿನವರ ಕಾಲ. ಮೊದಲು ಅವರನ್ನು ನೋಡಿ ನನಗೂ ಎಲ್ಲರಂತೆ ಬೇಸರವಾಗಿತ್ತು: ಆರು ಜನ ಒಟ್ಟಿಗೆ ನಿಂತಿದ್ದರೂ ಆರೂ ಜನರ ಕಣ್ಣು ಫೋನಿನ ಮೇಲೆ. ಹತ್ತಾರು ಶನಿವಾರ ಪಕ್ಕದಲ್ಲೇ ಕೂತು ಗಮನಿಸಿದ ಮೇಲೆ ಆ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ಅವರು ಫೋನನ್ನು ಒಬ್ಬೊಬ್ಬರೇ ನೋಡುವುದು ಕಡಿಮೆ. ಒಬ್ಬಳು ಏನನ್ನೋ ನೋಡಿ ಪಕ್ಕದವಳಿಗೆ ತಿರುಗಿಸುತ್ತಾಳೆ, ಅವಳು ನಕ್ಕು ಇನ್ನೊಬ್ಬಳಿಗೆ ಕಳಿಸುತ್ತಾಳೆ, ಮೂರನೆಯವಳು ಅದಕ್ಕೆ ಒಂದು ಮಾತು ಸೇರಿಸುತ್ತಾಳೆ. ಒಂದು ಜೊತೆ ಇಯರ್‌ಬಡ್ಸ್‌ನಲ್ಲಿ ಒಂದೊಂದು ಕಿವಿ ಹಂಚಿಕೊಂಡು ಇಬ್ಬರು ಒಂದೇ ಹಾಡು ಕೇಳುತ್ತಾರೆ. ಒಂದು ಪೊಟ್ಟಣ ಪೆರಿ ಪೆರಿ ಫ್ರೈಸ್ ಆರು ಕೈಗಳ ನಡುವೆ ಸುತ್ತುತ್ತದೆ. ನಮ್ಮ ಕಾಲದಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಸುತ್ತುತ್ತಿದ್ದ ರೀತಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸವಿರುವುದು ಜಾಗದ ವಿಷಯದಲ್ಲಿ. ಹುಡುಗ ಹುಡುಗಿಯರಿಗೆ ಇಂಥದೇ ಜಾಗ ಎಂಬುದಿಲ್ಲ. ‘ಮೂರು ಗಂಟೆಗೆ ಎಲ್ಲಿ ಸಿಗ್ತೀರಾ?’ ಎಂದು ಮಗಳನ್ನು ಕೇಳಿದರೆ ‘ಮಾಲ್‌ನಲ್ಲಮ್ಮ’ ಎನ್ನುತ್ತಾಳೆ. ಮಾಲ್‌ನಲ್ಲಿ ಎಲ್ಲಿ ಎಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಬಂದವರು ಬಂದಲ್ಲಿಂದ ಗುಂಪಿಗೆ ಸಂದೇಶ ಹಾಕುತ್ತಾರೆ, ‘ಎಲ್ಲಿದೀಯಾ?’, ‘ಎಸ್ಕಲೇಟರ್ ಹತ್ರ’, ‘ಯಾವ ಎಸ್ಕಲೇಟರ್?’, ಹೀಗೆ ಹುಡುಕಾಡಿಕೊಂಡು ಹತ್ತು ನಿಮಿಷದಲ್ಲಿ ಒಂದಾಗುತ್ತಾರೆ. ಮೆಟ್ಟಿಲ ಮೇಲೆ ಕೂತರೆ ಸೆಕ್ಯುರಿಟಿಯವರು ಎಬ್ಬಿಸುತ್ತಾರೆ. ಎದ್ದು ಮೂರನೇ ಮಹಡಿಯ ಕಂಬಿಗೆ ಒರಗುತ್ತಾರೆ, ಅಲ್ಲಿಂದ ಪುಸ್ತಕದಂಗಡಿಗೆ, ಅಲ್ಲಿಂದ ಬಟ್ಟೆ ಅಂಗಡಿಯ ಟ್ರಯಲ್ ರೂಮಿನ ಕನ್ನಡಿಗೆ. ಒಂದು ಮಧ್ಯಾಹ್ನದಲ್ಲಿ ಒಂದು ಗುಂಪು ಏಳು ಕಡೆ ಜಾಗ ಬದಲಿಸಿದ್ದನ್ನು ನಾನು ಎಣಿಸಿದ್ದೇನೆ. ಅವರ ಕೂಟ ಅವರ ಜೊತೆಯಲ್ಲೇ ನಡೆದಾಡುತ್ತದೆ. ಯಾವ ಮೂಲೆಯಿಂದ ಎಬ್ಬಿಸಿದರೂ ಅದು ಮುರಿಯುವುದಿಲ್ಲ.

ನನ್ನ ವಯಸ್ಸಿನವರ ಬಗ್ಗೆ ಬರೆಯಲು ಹೆಚ್ಚು ಸಿಗಲಿಲ್ಲ. ನಾವು ಭಾನುವಾರ ಸಂಜೆ ಕಾರಿನಲ್ಲಿ ಬರುತ್ತೇವೆ, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಸಿಕ್ಕಿದ್ದಕ್ಕೆ ನಿಟ್ಟುಸಿರು ಬಿಡುತ್ತೇವೆ, ಕೈಯಲ್ಲಿ ಪಟ್ಟಿ ಇರುತ್ತದೆ, ಮಕ್ಕಳನ್ನು ಗೇಮ್ ಝೋನಿಗೆ ಬಿಟ್ಟು ಕಾರ್ಡಿಗೆ ದುಡ್ಡು ತುಂಬಿಸುತ್ತೇವೆ. ಪರಿಚಯದವರು ಎದುರಾದರೆ ‘ಒಮ್ಮೆ ಮನೆಗೆ ಬನ್ನಿ’ ಎಂದು ನಡೆಯುತ್ತಲೇ ಹೇಳುತ್ತೇವೆ. ಮನೆಯವರನ್ನು ಬಿಟ್ಟು ಬೇರೆಯವರ ಜೊತೆ ಕೂತು ಮಾತಾಡುವ ನಲವತ್ತರ ಜನರನ್ನು ಈ ಹನ್ನೊಂದು ತಿಂಗಳಲ್ಲಿ ನಾನು ಬೆರಳೆಣಿಕೆಯಷ್ಟು ಮಾತ್ರ ನೋಡಿದ್ದೇನೆ. ಇದು ಮಾಲ್‌ನ ದೋಷವಲ್ಲ.

ಬೆಂಗಳೂರಿಗೆ ದೊಡ್ಡ ಮಾಲ್‌ನ ರೂಢಿ ಹತ್ತಿದ್ದು 2004ರಲ್ಲಿ ಕೋರಮಂಗಲದ ಫೋರಂ ಬಂದ ಮೇಲೆ; ಈಗ ಅದರ ಹೆಸರು ನೆಕ್ಸಸ್. ಆಗ ಅದರ ಮುಂದಿನ ಮೆಟ್ಟಿಲುಗಳ ಮೇಲೆ ಕೂರುತ್ತಿದ್ದ ಹುಡುಗರು ಈಗ ನನ್ನ ವಯಸ್ಸಿನವರು. 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, 2012ರಲ್ಲಿ ರಾಜಾಜಿನಗರದ ಒರಾಯನ್, 2023ರಲ್ಲಿ ಬಳ್ಳಾರಿ ರಸ್ತೆಯ ಮಾಲ್ ಆಫ್ ಏಷ್ಯಾ ಬಂದವು. ಮಂತ್ರಿ ಸ್ಕ್ವೇರ್ ಪಕ್ಕದಲ್ಲೇ 2014ರಲ್ಲಿ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣ ತೆರೆದದ್ದು ರಸ್ತೆ ದಾಟಲು ಹೆದರುವ ಹಿರಿಯರಿಗೆ ದೊಡ್ಡ ಅನುಕೂಲ. ಒರಾಯನ್‌ನ ಹಿಂಬದಿಯ ಕೆರೆಯ ದಡದಲ್ಲಿ ಬಾಗಿಲ ಹೊರಗಿನ ಗಾಳಿ ಸಿಗುತ್ತದೆ, ಸಂಜೆಯ ಹೊತ್ತು ಮಕ್ಕಳು ಓಡಾಡಲು ಜಾಗವಿದೆ. ಮೂರೂ ತಲೆಮಾರಿನವರನ್ನು ಕರೆದುಕೊಂಡು ಹೋಗುವುದಾದರೆ ನಾನು ಅದನ್ನು ಸೂಚಿಸುತ್ತೇನೆ.

ಸೂರಿನ ಕೆಳಗೆ ಎಲ್ಲವನ್ನೂ ಮುಚ್ಚಿ ಕಟ್ಟುವ ಈ ಮಾದರಿ ಶುರುವಾದದ್ದು ಅಮೆರಿಕದ ಮಿನೆಸೋಟ ರಾಜ್ಯದ ಎಡೈನಾ ಎಂಬಲ್ಲಿ, 1956ರಲ್ಲಿ, ಸೌತ್‌ಡೇಲ್ ಎಂಬ ಕಟ್ಟಡದಿಂದ. ಅದನ್ನು ವಿನ್ಯಾಸ ಮಾಡಿದ ವಿಕ್ಟರ್ ಗ್ರುಯೆನ್ ಮೂಲತಃ ವಿಯೆನ್ನಾದವರು; ತಮ್ಮ ಊರಿನ ಚೌಕಗಳಲ್ಲಿ ಜನ ಕೂತು ಕಾಫಿ ಕುಡಿದು ಹರಟುವಂತೆ ಇಲ್ಲಿಯೂ ನಡೆಯಲಿ ಎಂಬ ಆಸೆಯಿಂದ ನಡುವೆ ಅಂಗಳವನ್ನು ಇಟ್ಟರು. ಮುಂದೆ ಎಲ್ಲೆಡೆ ಆ ಮಾದರಿಯಲ್ಲಿ ಅಂಗಡಿಗಳು ಮಾತ್ರ ಬೆಳೆದದ್ದನ್ನು ಕಂಡು ಅವರೇ ಅದರಿಂದ ದೂರ ಸರಿದರು. ನಮ್ಮ ಮಾಲ್‌ನ ಅಂಗಳದಲ್ಲಿ ಕಟ್ಟೆಯ ಮೇಲೆ ಕೂತವರನ್ನು ನೋಡುವಾಗ ಆ ಮನುಷ್ಯನ ಆಸೆ ಕೈಗೂಡಿದಂತೆ ನನಗೆ ಅನ್ನಿಸುತ್ತಿತ್ತು. ನೆಲಮಹಡಿಯ ಕಟ್ಟೆಯಿಂದ ತಲೆಯೆತ್ತಿದರೆ ಮೂರನೇ ಮಹಡಿಯ ಕಂಬಿಯವರೆಗೂ ಕಾಣುತ್ತದೆ. ಒಂದು ಶನಿವಾರ ಅಮ್ಮನೂ ಬಂದಿದ್ದಳು. ಮಗಳು ಗೆಳತಿಯರ ಜೊತೆ ಮೇಲೆ ನಿಂತಿದ್ದವಳು ಕೆಳಗೆ ಬಗ್ಗಿ ಅಜ್ಜಿಗೆ ಕೈಬೀಸಿದಳು, ಅಜ್ಜಿ ಕೆಳಗಿನಿಂದ ಕೈಬೀಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ದೂರ, ಮುಖ ಕಾಣುವಷ್ಟು ಹತ್ತಿರ. ಹದಿನಾರರ ಹುಡುಗಿಗೂ ಎಪ್ಪತ್ತಾರರ ಅಜ್ಜಿಗೂ ಒಟ್ಟಿಗೆ ಹೊರಗೆ ಹೋಗಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈ ವರ್ಷದ ಮಾರ್ಚ್ ತಿಂಗಳ ಮೊದಲ ಮಂಗಳವಾರ ನಾವು ಹೋದಾಗ ಕಟ್ಟೆ ಇರಲಿಲ್ಲ. ತಾಳೆಗಿಡಗಳನ್ನೂ ತೆಗೆದಿದ್ದರು. ಅಲ್ಲಿ ಬಣ್ಣದ ತಗಡಿನ ಎರಡು ಸಣ್ಣ ಮಳಿಗೆಗಳು ಎದ್ದಿದ್ದವು. ಒಂದರಲ್ಲಿ ಮೊಬೈಲ್ ಕವರ್, ಇನ್ನೊಂದರಲ್ಲಿ ಸುಗಂಧ ದ್ರವ್ಯ. ಅವುಗಳ ಪಕ್ಕದಲ್ಲಿ ಬೆನ್ನಿಲ್ಲದ ನಾಲ್ಕು ತಿರುಗು ಸ್ಟೂಲುಗಳಿದ್ದವು, ಆದರೆ ಅವು ಹತ್ತಿ ಕೂರುವಷ್ಟು ಎತ್ತರ. ಅಮ್ಮ ಒಂದನ್ನು ಹಿಡಿದು ನಿಂತಳು, ಕೂರಲಿಲ್ಲ. ಆ ದಿನ ನಾಲ್ವರು ನಿವೃತ್ತರಲ್ಲಿ ಇಬ್ಬರನ್ನು ಲಿಫ್ಟಿನ ಬಳಿ ಕಂಡೆ. ಉಳಿದಿಬ್ಬರು ಬಂದಿದ್ದರೋ, ಬಂದು ಹುಡುಕಿ ಹೋದರೋ ಅವರಿಗೇ ತಿಳಿದಿರಲಿಲ್ಲ. ಎಚ್‌ಎಂಟಿಯವರು ವಾಚನ್ನು ಬಿಚ್ಚದೆ ಹಾಗೇ ನಿಂತಿದ್ದರು. ತಿಪಟೂರಿನ ಅಕ್ಕ ಆ ವಾರವೂ ಕಾಣಲಿಲ್ಲ, ಮುಂದಿನ ನಾಲ್ಕು ವಾರವೂ ಕಾಣಲಿಲ್ಲ. ಅಮ್ಮನ ಬಳಿ ಅವರ ನಂಬರಿಲ್ಲ, ಹೆಸರೂ ಇಲ್ಲ. ಕಟ್ಟೆಯೊಂದೇ ಅವರ ವಿಳಾಸವಾಗಿತ್ತು.

ಆ ಶನಿವಾರ ಮಗಳ ಗುಂಪಿನವರಿಗೆ ಕಟ್ಟೆ ಹೋದದ್ದು ಗಮನಕ್ಕೇ ಬಂದಿರಲಿಲ್ಲ. ನಾನು ಹೇಳಿದಾಗ ಮಗಳು ನಿಜವಾಗಿಯೂ ಆಶ್ಚರ್ಯಪಟ್ಟಳು: ‘ಅಜ್ಜಿ ಬೇರೆ ಕಡೆ ಕೂತ್ಕೋಬಹುದಲ್ಲಮ್ಮ?’ ಕೂರಬಹುದು, ಆದರೆ ಅಲ್ಲಿ ಅಜ್ಜಿಯ ಪಕ್ಕ ಯಾರೂ ಬಂದು ಕೂರುವುದಿಲ್ಲ. ಫೋನಿನಲ್ಲಿ ಬೆಳೆದವರ ಸ್ನೇಹಕ್ಕೆ ಜಾಗ ಬದಲಾದರೆ ತೊಂದರೆಯಿಲ್ಲ. ಹಿರಿಯರ ಸ್ನೇಹ ಒಂದು ಹೊತ್ತನ್ನೂ ಒಂದು ಕಲ್ಲನ್ನೂ ನೆಚ್ಚಿಕೊಂಡಿರುತ್ತದೆ, ಆ ಕಲ್ಲನ್ನು ಎತ್ತಿಟ್ಟರೆ ಅವರು ಒಬ್ಬರಿಗೊಬ್ಬರು ಕಳೆದುಹೋಗುತ್ತಾರೆ. ಹಿಂದೆ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಬಾಗಿಲು ಹಾಕಿ ಚರ್ಚ್ ಸ್ಟ್ರೀಟಿಗೆ ಹೋದಾಗ ಬಹಳ ಕಾಲದ ಗಿರಾಕಿಗಳು ಏಕೆ ಅಷ್ಟು ನೊಂದುಕೊಂಡರೆಂದು ಆಗ ನನಗೆ ಅರ್ಥವಾಗಿರಲಿಲ್ಲ. ನಡೆದು ಹೋಗುವಷ್ಟು ದೂರ, ಅದೇ ಕಾಫಿ ಎಂದುಕೊಂಡಿದ್ದೆ.

ನಾನು ಮಾಲ್‌ನ ಕಚೇರಿಗೆ ಒಂದು ಪತ್ರ ಬರೆದು ಕೊಟ್ಟೆ. ಅಂಗಳದ ಬಾಡಿಗೆ ತಮಗೆ ಮುಖ್ಯವೆಂದು ಅಲ್ಲಿನವರು ಸೌಜನ್ಯದಿಂದಲೇ ಹೇಳಿದರು. ಅವರ ಲೆಕ್ಕ ನನಗೆ ತಿಳಿಯುತ್ತದೆ. ಬೈಟು ಕಾಫಿ ಕುಡಿದು ಎರಡು ಗಂಟೆ ಕೂರುವವರಿಂದ ಆ ಅಂಗಳದ ಖರ್ಚು ಹುಟ್ಟುವುದಿಲ್ಲ. ಆದರೂ ಇದೇ ಹಿರಿಯರು ಮೊಮ್ಮಕ್ಕಳಿಗೆ ಬಟ್ಟೆ ಕೊಳ್ಳುವುದು, ಹಬ್ಬಕ್ಕೆ ಮಗಳನ್ನೂ ಅಳಿಯನನ್ನೂ ಕರೆತರುವುದು ಈ ಮಾಲ್‌ಗೇ. ನಾನೂ ಭಾನುವಾರದ ಪಟ್ಟಿ ಹಿಡಿದು ಇಲ್ಲಿಗೆ ಬರತೊಡಗಿದ್ದು ಅಮ್ಮ ಮಂಗಳವಾರ ಇಲ್ಲಿ ನಡೆಯತೊಡಗಿದ ಮೇಲೆ. ಆರು ಜನ ಕೂರುವ, ಬೆನ್ನಿಗೆ ಆಸರೆಯಿರುವ ಎರಡು ಬೆಂಚುಗಳನ್ನು ಎದುರುಬದುರಾಗಿ ಹಾಕಿ ಎಂದಷ್ಟೇ ಆ ಪತ್ರದಲ್ಲಿ ಕೇಳಿದ್ದೆ. ಇನ್ನೂ ಹಾಕಿಲ್ಲ.

ಬಾಗಿಲಲ್ಲಿ ಜನರನ್ನು ನಡೆಸಿಕೊಳ್ಳುವ ರೀತಿಯನ್ನು ಮಾತ್ರ ಹೊಗಳಲೇಬೇಕು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟು ಸಿನಿಮಾಗೆ ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಒಳಗೆ ಬಿಡದೆ, ಅದು ವಿಧಾನಸಭೆಯಲ್ಲಿ ಚರ್ಚೆಯಾಗಿ, ಏಳು ದಿನ ಆ ಮಾಲನ್ನು ಮುಚ್ಚಿಸುವುದಾಗಿ ಸರ್ಕಾರ ಹೇಳಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಮಾಲ್‌ನಲ್ಲಿ ಬಿಇಎಲ್‌ನವರು ದಿನವೂ ಪಂಚೆಯಲ್ಲೇ ಬರುತ್ತಾರೆ, ಯಾರೂ ತಡೆದದ್ದಿಲ್ಲ. ಬಾಗಿಲ ಬಳಿಯ ಹೆಣ್ಣುಮಗಳು ಯಾದಗಿರಿ ಕಡೆಯವಳು. ಅಮ್ಮನ ಬ್ಯಾಗನ್ನು ತಪಾಸಣೆಯ ಯಂತ್ರದಿಂದ ತಾನೇ ಎತ್ತಿ ಕೊಟ್ಟು ‘ಸಾವಕಾಶ ಹೋಗ್ರಿ ಅಮ್ಮಾ, ನೆಲ ಹಸಿ ಐತಿ’ ಎಂದು ಎಚ್ಚರಿಸುತ್ತಾಳೆ. ಶೌಚಾಲಯಗಳು ಸ್ವಚ್ಛವಾಗಿವೆ, ಹಿಡಿದು ಏಳಲು ಕಂಬಿಯಿದೆ. ಕುಡಿಯುವ ನೀರು ಎರಡನೇ ಮಹಡಿಯಲ್ಲಿ ಮಾತ್ರ. ಸಂಜೆ ಐದರ ಮೇಲೆ ಹಾಡಿನ ಸದ್ದು ಮಾತಾಡಲು ಬಿಡುವುದಿಲ್ಲವಾದ್ದರಿಂದ ಶ್ರವಣ ಯಂತ್ರ ಹಾಕಿಕೊಂಡವರನ್ನು ಅಷ್ಟರೊಳಗೆ ಮನೆಗೆ ಹೊರಡಿಸುವುದು ಒಳ್ಳೆಯದು. ಎಸ್ಕಲೇಟರ್ ಹತ್ತಲು ಹೆದರುವವರು ಎಡಗಡೆಯ ಲಿಫ್ಟಿಗೆ ಹೋಗಬೇಕು, ಬಲಗಡೆಯದು ಸಿನಿಮಾದವರಿಂದ ಯಾವಾಗಲೂ ತುಂಬಿರುತ್ತದೆ.

ಐದನೇ ವಾರ ಆ ಎಡಗಡೆಯ ಲಿಫ್ಟಿನಲ್ಲಿ ಎರಡನೇ ಮಹಡಿಗೆ ಹೋಗಿ ಕಾಫಿ ಕೌಂಟರಿನ ಎದುರು ನಿಂತಾಗ, ಆ ಹುಡುಗ ನಮ್ಮನ್ನು ನೋಡಿ ಕಂಬದ ಹಿಂದಿನ ಮೇಜಿನ ಕಡೆ ಕೈ ತೋರಿಸಿದ. ಐಟಿಐನ ಇಬ್ಬರೂ, ಬಿಇಎಲ್‌ನವರೂ ಅಲ್ಲಿದ್ದರು. ಎಚ್‌ಎಂಟಿಯವರು ವಾಚನ್ನು ಕಿವಿಗೆ ಹಿಡಿದಿದ್ದರು. ಪಕ್ಕದ ಮೇಜಿನಲ್ಲಿ ತಿಪಟೂರಿನ ಅಕ್ಕ ಮೊಮ್ಮಗನ ಬಾಯಿ ಒರೆಸುತ್ತಿದ್ದರು. ಹುಡುಕಿಕೊಂಡು ಬಂದ ಒಬ್ಬೊಬ್ಬರನ್ನೂ ಅದೇ ಹುಡುಗ ಅಲ್ಲಿಗೆ ಕಳಿಸಿದ್ದನಂತೆ. ಅಮ್ಮ ಅಂದು ಮೊದಲ ಬಾರಿಗೆ ಅವರ ಹೆಸರು ಕೇಳಿ, ಬಿಲ್ಲಿನ ಹಿಂದೆ ನಂಬರು ಬರೆಸಿಕೊಂಡು, ಮಡಚಿ ಪರ್ಸಿಗೆ ಹಾಕಿಕೊಂಡಳು.

ಕುರ್ಚಿಗಳು ಕಬ್ಬಿಣದವು, ಬೆನ್ನಿಗೆ ಆಸರೆಯಿದೆ, ಎತ್ತರ ಪರವಾಗಿಲ್ಲ. ಊಟದ ಹೊತ್ತಿಗೆ, ಅಂದರೆ ಹನ್ನೆರಡೂವರೆಗೆ, ಮೇಜು ಬಿಡಬೇಕಾಗುತ್ತದೆ. ಮನೆಯಲ್ಲಿ ಹಿರಿಯರಿದ್ದು ಜೊತೆಗಾಗಿ ಹಂಬಲಿಸುತ್ತಿದ್ದರೆ ನಿಮ್ಮ ಹತ್ತಿರದ ಮಾಲ್‌ಗೆ ಬಾಗಿಲು ತೆರೆಯುವ ಹೊತ್ತಿಗೆ ಕರೆದುಕೊಂಡು ಹೋಗಿ, ಬೈಟು ಕೊಡುವ ಕೌಂಟರ್ ಯಾವುದೆಂದು ಮೊದಲು ನೋಡಿ.